ಬೆನ್ನಟ್ಟಿದವರ ಬರಹದಲ್ಲಿ ಧೋಂಡಿಯಾ ವಾಘ್

ಚನ್ನಗಿರಿಯ ಮಗ್ಗುಲಲ್ಲೇ ಎದ್ದುನಿಂತಿರುವ ಗುಡ್ಡದ ಕೋಟೆಯನ್ನು ಹತ್ತಿ, ಬೆಟ್ಟದ ರಂಗನಾಥನ ಗುಡಿಯೆದುರು ಏದುಸಿರು ಆರಿಸಿಕೊಳ್ಳುತ್ತ ಕೆಳಗಿನ ಅಡಕೆಯ ತೋಟಗಳ ಹಸುರನ್ನು ನೋಡುತ್ತ ನಿಂತವನಿಗೆ, ಮೊದಲು ನೆನಪಿಗೆ ಬರತಕ್ಕವಳು ಕೆಳದಿಯ ಚೆನ್ನಮ್ಮಾಜಿ. ಊರಿನ ಹೆಸರು ಆಕೆಯದಾದ್ದರಿಂದ ಅದು ಸಹಜವೂ ಹೌದು, ಉಚಿತವೂ ಹೌದು. ಆದರೆ ಇದೇ ಊರಿನಲ್ಲಿ ಹುಟ್ಟಿ, ಸಾಮಾನ್ಯ ರಾವುತನಾಗಿ ಕತ್ತಿ ಹಿಡಿದು, ಸೆರೆಮನೆಯನ್ನು ಕಂಡು, ಅಲ್ಲಿಂದ ಹೊರಬಿದ್ದ ಹದಿನಾರು ತಿಂಗಳೊಳಗೆ ಸಹಸ್ರಾರು ಕುದುರೆಗಳ ನಾಯಕನಾಗಿ, ‘ಉಭಯಲೋಕಾಧೀಶ್ವರ’ ಎಂಬ ಬಿರುದನ್ನು ತನಗೆ ತಾನೇ ಕಟ್ಟಿಕೊಂಡು, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಲಿದ್ದ ದಂಡನಾಯಕನೊಬ್ಬನನ್ನು ಮಳೆಗಾಲ ಪೂರ್ತಿ ಹೊಳೆಯಿಂದ ಹೊಳೆಗೆ ಅಲೆಸಿದ ಧೋಂಡಿಯಾ ವಾಘನ ನೆನಪು ಯಾರಿಗೂ ಸಹಜವಾಗಿ ಬರುವುದಿಲ್ಲ. ಬಂದರೂ ಅದು ಒಂದು ವಿಶೇಷಣದೊಡನೆಯೇ ಬರುತ್ತದೆ: ದರೋಡೆಗಾರ ಧೋಂಡಿಯಾ, ಅಥವಾ, ಈಚೆಗೆ, ಸ್ವಾತಂತ್ರ್ಯವೀರ ಧೋಂಡಿಯಾ. ಈ ಎರಡು ವಿಶೇಷಣಗಳ ನಡುವೆ ಮನುಷ್ಯನು ಕಾಣದೆ ಹೋಗಿದ್ದಾನೆಂಬುದು ನನ್ನ ತಕರಾರು. ಅವನು ಕಾಣದೆ ಹೋದುದಕ್ಕೆ ಕಾರಣವನ್ನು ಹುಡುಕಬೇಕಾದದ್ದು ಅವನ ನಡತೆಯಲ್ಲಿ ಅಲ್ಲ, ಅವನ ಚರಿತ್ರೆ ನಮಗೆ ಬಂದು ಮುಟ್ಟಿದ ಬರಹದ ಸ್ವರೂಪದಲ್ಲಿ.

ಆ ಬರಹ ಯಾವುದು? ಮುಖ್ಯವಾಗಿ ಅದು ಆರ್ಥರ್ ವೆಲ್ಲೆಸ್ಲಿಯ ಪತ್ರಸಮೂಹ. 1800ರಲ್ಲಿ ಆತನು ಕರ್ನಲ್ ಪದವಿಯಲ್ಲಿದ್ದುಕೊಂಡು ಮೈಸೂರು ಸೀಮೆಯ ಇಂಗ್ಲಿಷ್ ಸೈನ್ಯದ ಅಧಿಪತಿಯಾಗಿದ್ದ ಕಾಲದಲ್ಲಿ, ಡೇರೆಯಿಂದ ಡೇರೆಗೆ ಸಾಗುತ್ತ ದಿನವಹಿ ಎಂಬಂತೆ ಬರೆದ ಕಾಗದಗಳನ್ನು, ಅವನು ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ಕೀರ್ತಿಶಿಖರವನ್ನೇರಿದ ಮೇಲೆ, ಗರ್‌ವುಡ್ ಎಂಬ ಸೇನಾಧಿಕಾರಿಯು 1834ರಿಂದ ಸಂಪುಟಗಳಾಗಿ ಅಚ್ಚು ಹಾಕಿಸಿದನು. ಇದಕ್ಕೆ ಮೊದಲೇ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ತನ್ನ ಮೂರು ಸಂಪುಟಗಳ ದಕ್ಷಿಣ ಭಾರತ ಚರಿತ್ರೆಯಲ್ಲಿ ಟೀಪುವಿನ ಕಾಲವನ್ನು ವಿಸ್ತಾರವಾಗಿ ವರ್ಣಿಸಿದ್ದನು. ಇವೆಲ್ಲವನ್ನೂ ಸಂಗ್ರಹಿಸಿ, ಹತ್ತಾರು ವಾಕ್ಯಗಳಿಗೆ ಇಳಿಸಿ, ನಮ್ಮ ಜನರ ಕೈಗೆ ಕೊಟ್ಟವನು ಗೆಜೆಟಿಯರಿನ ಬಿ. ಎಲ್. ರೈಸ್. ಆಮೇಲಿನವರು ಬಹುಮಟ್ಟಿಗೆ ರೈಸನನ್ನೇ ಉಜ್ಜಿ ಬರೆದಿದ್ದಾರೆ. ಅಂತೂ ಈ ಕಥೆಯ ಪ್ರತಿಯೊಂದು ಪದರವೂ ಬೆನ್ನಟ್ಟಿದವರ ಪಕ್ಷದ್ದು. ಹೈದರನಿಗೆ ಕಿರ್ಮಾನಿಯಂಥ ಚರಿತ್ರಕಾರನೊಬ್ಬನು ದೊರೆತನು. ಚಿತ್ರದುರ್ಗದ ನಾಯಕರಿಗೆ ಬಖೈರುಗಳಿವೆ. ಧೋಂಡಿಯಾನ ಬೆನ್ನಿಗೆ ಓಲೆಗಾರನೊಬ್ಬನೂ ಇರಲಿಲ್ಲ. ಬೇಟೆಗಾರನ ದಿನಚರಿಯಿಂದ ಹುಲಿಯ ಚರಿತ್ರೆಯನ್ನು ಬರೆಯಬೇಕಾದ ಸ್ಥಿತಿ ನಮ್ಮದು. ವಾಘ್ ಎಂದರೆ ಹುಲಿ ಎಂಬುದನ್ನು ಬಲ್ಲವರಿಗೆ ಈ ಹೋಲಿಕೆ ನಾನು ಹೊಸೆದದ್ದಲ್ಲವೆಂದು ತಿಳಿದೀತು.

ನಿರ್ವಿವಾದವಾದ ಸಂಗತಿಗಳು ಇಷ್ಟು. ಅವನು ಪವಾರ ಮನೆತನದ ಮರಾಠ. 1780ರ ಸುಮಾರಿಗೆ ಹೈದರನ ಕುದುರೆದಂಡಿನಲ್ಲಿ ರಾವುತನಾಗಿ ಸೇರಿದನು. 1792ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣವನ್ನು ಮುತ್ತಿದಾಗ, ಆ ಗೊಂದಲದಲ್ಲಿ ಜನರನ್ನೂ ಲೂಟಿಯನ್ನೂ ಕೂಡಿಸಿಕೊಂಡು ಟೀಪುವಿನ ಸೇವೆಯಿಂದ ಜಾರಿ, ತುಂಗಭದ್ರೆಯನ್ನು ದಾಟಿ, ಸವಣೂರು ಧಾರವಾಡಗಳ ಸೀಮೆಯಲ್ಲಿ ಸ್ವತಂತ್ರನಾಗಿ ಸೂರೆ ಮಾಡತೊಡಗಿದನು. ಮರಾಠರ ದಂಡಾಳು ಧೋಂಡೋಪಂತ ಗೋಖಲೆಯು 1794ರಲ್ಲಿ ಅವನನ್ನು ಅಲ್ಲಿಂದ ಓಡಿಸಿದಾಗ ಪುನಃ ಟೀಪುವನ್ನೇ ಆಶ್ರಯಿಸಿದನು. ಟೀಪು ಅವನನ್ನು ಕರೆಸಿಕೊಂಡು, ಬಲಾತ್ಕಾರದಿಂದ ಇಸ್ಲಾಮಿಗೆ ಸೇರಿಸಿ, ಹೊಸ ಹೆಸರನ್ನಿಟ್ಟು, ಕೆಲಕಾಲದ ಮೇಲೆ ಸಂಶಯಪಟ್ಟು ಸಂಕೋಲೆಗೆ ಹಾಕಿದನು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ, ಸೆರೆಯಲ್ಲಿದ್ದವರೆಲ್ಲರೂ ಟೀಪುವಿನ ಶತ್ರುಗಳಾಗಿರಲೇಬೇಕು, ಟೀಪುವಿನ ಶತ್ರುಗಳೆಲ್ಲರೂ ತಮ್ಮ ಮಿತ್ರರಾಗಿರಲೇಬೇಕು ಎಂಬ ಸರಳ ತರ್ಕದಿಂದ ಇಂಗ್ಲಿಷರು ಅವನ ಕಾಲಿನ ಬೇಡಿಯನ್ನು ಕಡಿದುಬಿಟ್ಟರು. ಆ ಅನುಗ್ರಹಕ್ಕೆ ಅವರು ತೆತ್ತ ಬೆಲೆಯೇ ಮುಂದಿನ ಕಥೆ.

ಬಿರುದಿನ ವಿಷಯವಾಗಿ ಒಂದು ಮಾತು. ‘ಉಭಯಲೋಕಾಧೀಶ್ವರ’ ಎಂಬುದನ್ನು ಇಂಗ್ಲಿಷರು ಇಬ್ಬಗೆಯ ಲೋಕಗಳ ರಾಜನೆಂದು ಮಾತಿಗನುಸಾರವಾಗಿ ಭಾಷಾಂತರಿಸಿ, ಹುಚ್ಚನ ಪ್ರಲಾಪವೆಂಬಂತೆ ನಕ್ಕರು. ವೆಲ್ಲೆಸ್ಲಿಯ ಪತ್ರಗಳಲ್ಲಿಯೂ ಆ ನಗೆಯ ಲೇಪವಿದೆ. ನಮ್ಮ ಶಾಸನಗಳಲ್ಲಿ ಪಳಗಿದ ಕಿವಿಗೆ ಇದರಲ್ಲಿ ಹುಚ್ಚೇನೂ ಕೇಳಿಸುವುದಿಲ್ಲ. ನಾಲ್ಕೂರಿನ ಒಡೆಯನಾದ ಪಾಳೆಯಗಾರನೂ ತನ್ನ ದಾನಪತ್ರದಲ್ಲಿ ಪೂರ್ವಪಶ್ಚಿಮ ಸಮುದ್ರಗಳನ್ನು ಕರೆತರುವ ಈ ನಾಡಿನಲ್ಲಿ, ಇಹಪರಗಳೆರಡನ್ನೂ ಆಳುವೆನೆಂದವನು ಹೆಚ್ಚಿನದನ್ನೇನೂ ಹೇಳಿದಂತಾಗಲಿಲ್ಲ. ಹುಟ್ಟಿನಿಂದ ಒಂದು ಮತಕ್ಕೂ ಬಲಾತ್ಕಾರದಿಂದ ಇನ್ನೊಂದಕ್ಕೂ ಸೇರಿದವನು ಎರಡು ಲೋಕಗಳನ್ನು ಹೆಸರಿಸಿದ್ದರಲ್ಲಿ ಬೇರೊಂದು ಕಹಿಯೂ ಇದ್ದೀತು. ಆದರೆ ಇದು ನನ್ನ ಊಹೆ. ಇದರ ಮೇಲೆ ಗೋಡೆ ಕಟ್ಟಲಾರೆ.

ಸೆರೆಯಿಂದ ಬರಿಗೈಯಲ್ಲಿ ಹೊರಟವನಿಗೆ ದಂಡು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಇಂಗ್ಲಿಷ್ ಲೇಖಕರು ಕೊಡುವ ಉತ್ತರ, ಕಳ್ಳಕಾಕರು ಕಳ್ಳನ ಬಳಿ ನೆರೆದರು ಎಂಬುದು. ಈ ಉತ್ತರ ಸಾಲದು. ಟೀಪುವಿನ ರಾಜ್ಯವು ಹಂಚಿಹೋಗಿ, 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜನು ಗದ್ದುಗೆಯೇರುವ ವೇಳೆಗೆ, ಒಂದು ದೊಡ್ಡ ಸೈನ್ಯವು ಹಗಲು ರಾತ್ರಿಯಾಗುವುದರೊಳಗೆ ಇಲ್ಲವಾಗಿತ್ತು. ಕಾಲಾಳು ಊರಿಗೆ ಹೋಗಿ ನೇಗಿಲು ಹಿಡಿಯಬಲ್ಲನು. ಆದರೆ ಕುದುರೆಯೇ ಬಂಡವಾಳವಾದ ಸಿಲ್ಲೇದಾರನಿಗೆ, ದಿನವೊಂದಕ್ಕೆ ಹುರುಳಿಯನ್ನೂ ಹುಲ್ಲನ್ನೂ ಬೇಡುವ ಪ್ರಾಣಿಯನ್ನು ಕಟ್ಟಿಕೊಂಡು, ಸಂಬಳ ಕೊಡುವ ದೊರೆಯಿಲ್ಲದೆ ಬದುಕುವ ಬಗೆ ಯಾವುದು? ಅವನ ಮುಂದಿದ್ದ ದಾರಿಗಳು ಎರಡೇ: ಕುದುರೆಯನ್ನು ಮಾರುವುದು, ಇಲ್ಲವೆ ಕುದುರೆಗೆ ಮೇವು ತೋರಿಸಬಲ್ಲ ನಾಯಕನನ್ನು ಹುಡುಕುವುದು. ಧೋಂಡಿಯಾನು ಆ ಮೇವನ್ನು ತೋರಿಸಿದನು. ಅವನು ಮೊದಲು ಕೈಹಾಕಿದ್ದು ಅಡಕೆ ಮೆಣಸುಗಳ ಹೊನ್ನು ಹರಿಯುವ ಬಿದನೂರು ನಗರದ ಸೀಮೆಗೆ ಎಂಬುದು ಅಕಸ್ಮಾತ್ತಲ್ಲ. ಮೂವತ್ತು ವರ್ಷಗಳ ತರುವಾಯ, 1830ರಲ್ಲಿ, ಇದೇ ನಗರ ಸೀಮೆಯ ರೈತರು ಕಂದಾಯದ ಹಿಂಸೆಯನ್ನು ತಾಳಲಾರದೆ ದಂಗೆಯೆದ್ದಾಗ ಕಾಳಗದ ಕಣಗಳಾದವುಗಳಲ್ಲಿ ಹೊನ್ನಾಳಿಯೂ ಒಂದು.

ಭೂಮಿಯ ರೀತಿಯನ್ನರಿಯದೆ ಧೋಂಡಿಯಾನಿಗೂ ಇಂಗ್ಲಿಷರಿಗೂ ನಡೆದ ಕಾಳಗದ ವಿವೇಚನೆ ನಡೆಯದು. ಇಂದು ದಾವಣಗೆರೆ ಜಿಲ್ಲೆಯಲ್ಲಿ ಒಟ್ಟಾಗಿರುವ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳು ಒಂದೇ ನೆಲದ ತುಣುಕುಗಳಲ್ಲ. 1997ರ ತನಕ ಮೊದಲಿನವು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದುವು. ಜಗಳೂರಿನ ಬಯಲು ಮಳೆಯ ದಾರಿ ಕಾಯುವ ಬಯಲು. ಅಲ್ಲಿ ಕುದುರೆ ಅಡೆತಡೆಯಿಲ್ಲದೆ ಓಡೀತು, ಆದರೆ ಕುಡಿಯುವ ನೀರಿಗಾಗಿ ಬಾವಿಯಿಂದ ಬಾವಿಗೆ ಹೋಗಬೇಕು. ಚನ್ನಗಿರಿಯಲ್ಲಿ ಸೂಳೆಕೆರೆಯ ಸಮುದ್ರದಂಥ ನೀರಿದೆ, ಗುಡ್ಡಗಳ ಮರೆಯಿದೆ. ಹೊನ್ನಾಳಿಗೆ ಬಂದರೆ, ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಊರನ್ನು ಪೂರ್ವದವರಿಂದ ಬೇರ್ಪಡಿಸಿ ಹರಿಯುತ್ತಾರೆ. ಅದನ್ನು ದಾಟಿ ನ್ಯಾಮತಿಯ ಕಡೆಗೆ ನಡೆದರೆ ಮಲೆನಾಡಿನ ಸೆರಗು. ಚಿತ್ರದುರ್ಗದಿಂದ ಹೊರಟ ಕರ್ನಲ್ ಡಾಲ್ರಿಂಪಲನೂ ಇನ್ನೊಂದು ದಿಕ್ಕಿನಿಂದ ಬಂದ ಕರ್ನಲ್ ಸ್ಟೀವನ್‌ಸನ್ನನೂ 1799ರ ಶ್ರಾವಣದ ಮಳೆಯಲ್ಲಿ ಈ ನೆಲವನ್ನು ಎರಡು ಕೈಗಳಿಂದ ಬಾಚಿದಂತೆ ಮುಂದುವರಿದು, ಶಿವಮೊಗ್ಗ ಹೊನ್ನಾಳಿಗಳನ್ನು ಲಗ್ಗೆಯಿಂದ ಹಿಡಿದು, ಆಗಸ್ಟ್ 17ರಂದು ಶಿಕಾರಿಪುರದ ಬಳಿ ಧೋಂಡಿಯಾನನ್ನು ಮುರಿದರು. ಅವನು ಗಡಿಯಾಚೆಯ ಮರಾಠರ ಸೀಮೆಗೆ ಓಡಿದನು. ಅಲ್ಲಿ ಹಳೆಯ ವೈರಿಯಾದ ಗೋಖಲೆಯು ಅವನ ಪಾಳೆಯವನ್ನು ಸೂರೆಗೊಂಡನು. ‘ಹೊನ್ನಾಳಿ ಹೊಡೆತ’ ಎಂಬ ಮಾತು ನಮ್ಮಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಓಡಾಡುತ್ತಿದ್ದು, ಅದರ ಮೂಲವನ್ನು ಒಬ್ಬೊಬ್ಬರು ಒಂದೊಂದು ಕಾಳಗಕ್ಕೆ ಗಂಟುಹಾಕುತ್ತಾರೆ; ಹೊಳೆಯ ದಡದ ಆ ಊರು ತಿಂದ ಹೊಡೆತಗಳು ಅಷ್ಟು ಹೆಚ್ಚಾದ್ದರಿಂದ, ಯಾವುದೊಂದಕ್ಕೆ ಅದನ್ನು ಮುಡಿಪಾಗಿಡುವುದು ಉಳಿದವುಗಳಿಗೆ ಅನ್ಯಾಯ.

ಸೋತವನು ಎದ್ದನು. ಇದೇ ಅವನ ಮೊದಲನೆಯ ಗುಣ; ಸೈನ್ಯವನ್ನು ಕಳೆದುಕೊಂಡರೂ ನಾಯಕತ್ವವನ್ನು ಕಳೆದುಕೊಳ್ಳದವರು ಅಪರೂಪ. ವರ್ಷ ತಿರುಗುವುದರೊಳಗೆ ಅವನು ಮತ್ತೆ ಎಂಥ ಪ್ರಬಲನಾದನೆಂದರೆ, ಜಾವಾದ ಬಟೇವಿಯಾದ ಮೇಲೆ ಹೋಗುವ ನೌಕಾದಂಡಯಾತ್ರೆಯ ಅಧಿಪತ್ಯವನ್ನು ಗವರ್ನರ್ ಜನರಲನಾದ ಅಣ್ಣನು ತಾನಾಗಿ ನೀಡಿದರೂ, ಹಣವೂ ಹೆಸರೂ ಒಟ್ಟಿಗೆ ದೊರೆಯುವ ಆ ಅವಕಾಶವನ್ನು ಬಿಟ್ಟು, ವೆಲ್ಲೆಸ್ಲಿಯು ಮೈಸೂರಿನಲ್ಲಿಯೇ ಉಳಿಯಬೇಕಾಯಿತು. ಕೆಲಸಕ್ಕೆ ಬಾರದ ಕಳ್ಳನೊಬ್ಬನಿಗಾಗಿ ಯಾರೂ ಬಟೇವಿಯಾವನ್ನು ಬಿಡುವುದಿಲ್ಲ. ಧೋಂಡಿಯಾನ ಯೋಗ್ಯತೆಯ ವಿಷಯದಲ್ಲಿ ಆ ಪತ್ರಸಂಪುಟಗಳು ಕೊಡುವ ಅತ್ಯಂತ ದೊಡ್ಡ ಸಾಕ್ಷ್ಯ, ಪತ್ರಕಾರನು ಅವನನ್ನು ಕುರಿತು ಬರೆದ ಯಾವ ಮಾತೂ ಅಲ್ಲ, ಈ ಒಂದು ನಿರಾಕರಣೆಯೇ. ಸರ್ಕಾರದ ಆಜ್ಞೆಯಾದರೋ, ಅವನನ್ನು ಎಲ್ಲಿ ಕಂಡರಲ್ಲಿ ಬೆನ್ನಟ್ಟಿ ಮೊದಲು ಸಿಕ್ಕಿದ ಮರಕ್ಕೆ ನೇತುಹಾಕತಕ್ಕದ್ದೆಂದಿತ್ತು. ಬಟೇವಿಯಾವನ್ನು ಬಿಡುವಾಗ ಅವನು ದೊಡ್ಡ ಶತ್ರು, ನೇಣು ಹಾಕುವಾಗ ಸಣ್ಣ ಕಳ್ಳ.

ಈ ದಂಡಯಾತ್ರೆಯ ವೃತ್ತಾಂತದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಭಾಗ ಕತ್ತಿಗಳದ್ದಲ್ಲ, ಎತ್ತುಗಳದ್ದು. ವೆಲ್ಲೆಸ್ಲಿಯ ಪತ್ರಗಳನ್ನು ಓದತೊಡಗಿದವನು ಶೌರ್ಯದ ವರ್ಣನೆಯನ್ನು ನಿರೀಕ್ಷಿಸಿದರೆ ನಿರಾಶನಾಗುವನು. ಪುಟ ತಿರುವಿದಲ್ಲೆಲ್ಲ ಅಕ್ಕಿ, ಹುರುಳಿ, ಹೇರೆತ್ತು, ಹರಿಗೋಲು. ಮುಂಗಾರು ತುಂಬಿದ ಮೇಲೆ ಪಶ್ಚಿಮದಲ್ಲಿ ಹುಟ್ಟಿದ ಹೊಳೆಗಳೆಲ್ಲ ಕಾಲ್ದಾರಿಗಳನ್ನು ಮುಚ್ಚಿಬಿಡುತ್ತವೆ. ಹಗುರವಾದ ಕುದುರೆದಂಡಿಗೆ ಓಟವೇ ಕೋಟೆಯಾದ್ದರಿಂದ, ಹೊಳೆಗಳು ಮುಚ್ಚಿದಾಗ ಆ ಕೋಟೆ ಕುಸಿಯುತ್ತದೆ. ಹರಿಗೋಲುಗಳನ್ನು ಸಿದ್ಧಪಡಿಸಿಕೊಂಡವನಿಗೆ ಮಾತ್ರ ಅದೇ ಹೊಳೆಗಳು ಬಾಗಿಲಾಗುತ್ತವೆ. ಈ ಸತ್ಯವನ್ನು ವೆಲ್ಲೆಸ್ಲಿಯು ಕಲಿತದ್ದು ನಮ್ಮ ತುಂಗಭದ್ರೆಯ ದಡದಲ್ಲಿ. ಪಾಠ ಪುಕ್ಕಟೆಯಾಗಿ ಬರಲಿಲ್ಲ: 1800ರ ಜೂನ್ ತಿಂಗಳಲ್ಲಿ ಹರಿಹರಕ್ಕೆ ಬರುವಷ್ಟರಲ್ಲಿ ಹೊಳೆ ಏರಿತು, ದಂಡು ದಾಟುವುದು ತಡವಾಯಿತು, ದಡದಲ್ಲಿ ಕುಳಿತ ಸೈನ್ಯವು ಮುಂದೆ ತಿನ್ನಬೇಕಾದ ಅಕ್ಕಿಯನ್ನು ಅಲ್ಲಿಯೇ ತಿಂದು ಮುಗಿಸಿತು. ಆ ತೊಡಕಿನಿಂದ ಅವನನ್ನು ಪಾರುಮಾಡಿದವರಲ್ಲಿ ದಿವಾನ್ ಪೂರ್ಣಯ್ಯನು ಒಬ್ಬನು. ಎತ್ತುಗಳ ಬೆನ್ನಮೇಲೆ ಧಾನ್ಯದ ಗೋಣಿಗಳನ್ನು ಹೇರಿಕೊಂಡು ದಂಡಿನ ಹಿಂದೆ ನಡೆಯುತ್ತಿದ್ದ ಲಂಬಾಣಿಗಳು ಇನ್ನೊಬ್ಬರು. ಇಂದಿನ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಆ ಜನರ ಗುರುವಾದ ಸೇವಾಲಾಲರ ಜನ್ಮಕ್ಷೇತ್ರ. ಪ್ರತಿವರ್ಷ ಫೆಬ್ರವರಿಯಲ್ಲಿ ಅಲ್ಲಿ ಸೇರುವ ಸಹಸ್ರಾರು ಭಕ್ತರ ಪೂರ್ವಿಕರ ಎತ್ತುಗಳಿಲ್ಲದಿದ್ದರೆ ಹೈದರನಾಗಲಿ, ಮರಾಠರಾಗಲಿ, ಇಂಗ್ಲಿಷರಾಗಲಿ ಹತ್ತು ದಿನದ ದಾರಿಯನ್ನು ನೆಚ್ಚಿ ಹೊರಡುವಂತಿರಲಿಲ್ಲ. ಮೈಸೂರಿನ ಅಮೃತಮಹಲಿನ ಎತ್ತುಗಳ ವೇಗವನ್ನು ವೆಲ್ಲೆಸ್ಲಿಯು ಮುಂದೆ ಸ್ಪೇಯಿನಿನ ಯುದ್ಧದಲ್ಲಿಯೂ ಹಂಬಲಿಸಿ ನೆನೆದನೆಂದು ಹೇಳುತ್ತಾರೆ. ಚರಿತ್ರಕಾರರು ಸೇನಾಪತಿಗಳಿಗೆ ಮೀಸಲಿಟ್ಟ ಪುಟಗಳಲ್ಲಿ ಒಂದೆರಡನ್ನಾದರೂ ಈ ಮೂಕಜೀವಿಗಳಿಗೆ ಬಿಡಬಹುದಾಗಿತ್ತು.

ಈಗ ಧೋಂಡಿಯಾನ ಸೇನಾಪತಿತ್ವದ ಗುಣದೋಷಗಳು. ಅವನ ಗುಣವೆಲ್ಲ ಚಲನದಲ್ಲಿತ್ತು. ಜೂನ್ 30ರ ವೇಳೆಗೆ, ಇಂಗ್ಲಿಷರು ರಾಣೆಬೆನ್ನೂರನ್ನು ಹಿಡಿದು ಮುಂದೆ ಬರುತ್ತಿರುವಾಗಲೇ, ಅವನು ಕಿತ್ತೂರಿನ ಕಡೆಗೆ ಧಾವಿಸಿ ಗೋಖಲೆಯ ಮೇಲೆ ಬಿದ್ದು, ಅವನನ್ನು ಕೊಂದು, ಮರಾಠರ ದಂಡನ್ನು ಚದರಿಸಿದನು. ವೈರಿಯ ರಕ್ತದಿಂದ ಮೀಸೆಗೆ ಬಣ್ಣ ಕಟ್ಟುವೆನೆಂಬ ಹಳೆಯ ಪ್ರತಿಜ್ಞೆಯನ್ನು ಅಂದು ನೆರವೇರಿಸಿಕೊಂಡನೆಂದು ಪ್ರತೀತಿಯುಂಟು. ಎರಡು ಶತ್ರುಸೈನ್ಯಗಳು ಕೂಡುವುದಕ್ಕೆ ಮುಂಚೆ ದುರ್ಬಲವಾದುದನ್ನು ಹೊಡೆದುಹಾಕುವುದು ಯುದ್ಧಶಾಸ್ತ್ರದ ಉತ್ತಮ ಸೂತ್ರಗಳಲ್ಲೊಂದಾದ್ದರಿಂದ, ಮೀಸೆಯ ಕಥೆಯನ್ನು ಬಿಟ್ಟು ನೋಡಿದರೆ, ಇದು ಪ್ರತೀಕಾರವಷ್ಟೇ ಅಲ್ಲ, ಪ್ರಜ್ಞಾವಂತನ ಪೆಟ್ಟು. ಆದರೆ ಇದೇ ಮನುಷ್ಯನು ತನ್ನ ಬಲವು ಓಟದಲ್ಲಿರುವುದನ್ನು ಮರೆತು, ಕುಂದಗೋಳ ಡಂಬಳಗಳಂಥ ಕೋಟೆಗಳಲ್ಲಿ ಕಾಲಾಳುಗಳನ್ನು ತುಂಬಿಟ್ಟನು. ಕುಂದಗೋಳ ಜುಲೈ 14ರಂದು ಬಿತ್ತು; ಡಂಬಳ 26ರಂದು. ಏಣಿ ಹಾಕಿ ಹತ್ತಬಲ್ಲ ಸೈನ್ಯದೆದುರಿಗೆ ಮಣ್ಣಿನ ಗೋಡೆಯನ್ನು ನಂಬಿದುದು, ಕುದುರೆಯವನು ಕೋಟೆಯವನಾಗಲು ಹಂಬಲಿಸಿದ್ದು, ಅಂದರೆ ಅಲೆಮಾರಿ ದೊರೆಯು ನೆಲೆಯೂರಿದ ದೊರೆಯ ವೇಷವನ್ನು ತೊಡಲು ಹೋದದ್ದು, ಅವನ ಮೊದಲನೆಯ ತಪ್ಪು. ಎರಡನೆಯದು ಇನ್ನೂ ಭಾರವಾದದ್ದು: ಹೆಂಡಿರು, ಮಕ್ಕಳು, ಅಂಗಡಿಕಾರರು, ತೋಪುಗಳು, ಲೂಟಿಯ ಗಾಡಿಗಳು ಎಲ್ಲವೂ ದಂಡಿನೊಡನೆ ಸಾಗಬೇಕಾಗಿದ್ದಿತು, ರಾಜಧಾನಿಯಿಲ್ಲದವನಿಗೆ ಪಾಳೆಯವೇ ರಾಜಧಾನಿ. ಜುಲೈ 30ರ ಮಧ್ಯಾಹ್ನ, ಮುನವಳ್ಳಿಯೆದುರು ತುಂಬಿದ ಮಲಪ್ರಭೆಯನ್ನು ಅರ್ಧ ದಂಡು ದಾಟಿ ಅರ್ಧ ಉಳಿದಿರುವಾಗ ವೆಲ್ಲೆಸ್ಲಿಯ ಕುದುರೆಗಳು ಹಿಂದಿನಿಂದ ಬಂದೆರಗಿದುವು. ಹೊಳೆಗೆ ಬಿದ್ದವರಲ್ಲಿ ಎಷ್ಟೋ ಜನ ಮುಳುಗಿದರು. ಅವರು ಸೈನಿಕರಷ್ಟೇ ಅಲ್ಲವೆಂಬುದನ್ನು ಪತ್ರಗಳು ಮರೆಮಾಚುವುದಿಲ್ಲ, ಆದರೆ ಅದರ ಬಳಿ ಹೆಚ್ಚುಹೊತ್ತು ನಿಲ್ಲುವುದೂ ಇಲ್ಲ.

ಅಲ್ಲಿಂದ ಮುಂದೆ ಆರು ವಾರಗಳ ಕಾಲ ಧೋಂಡಿಯಾನು ತೋರಿಸಿದ ಚಾತುರ್ಯವನ್ನು ಮೆಚ್ಚದಿರುವುದು ಕಷ್ಟ. ಘಟ್ಟದ ಕಾಡಿನಲ್ಲಿ ನುಸುಳಿ, ಮಲಪ್ರಭೆಯನ್ನು ಮತ್ತೆ ದಾಟಿ, ಪೂರ್ವಕ್ಕೆ ತಿರುಗಿ ನಿಜಾಮನ ಸೀಮೆಯನ್ನು ಹೊಕ್ಕನು. ಆದರೆ ಉತ್ತರದಲ್ಲಿ ಕೃಷ್ಣೆಯ ಕಡೆಗೆ ಸ್ಟೀವನ್‌ಸನ್ನನ ದಂಡು, ದಕ್ಷಿಣದಲ್ಲಿ ತುಂಗಭದ್ರೆಯ ಕಡೆಗೆ ವೆಲ್ಲೆಸ್ಲಿ. ಎರಡು ಹೊಳೆಗಳ ನಡುವಣ ರಾಯಚೂರಿನ ನೆಲವು ಬಲೆಯಾಯಿತು. 1800ರ ಸೆಪ್ಟೆಂಬರ್ 10ರ ಬೆಳಿಗ್ಗೆ, ಪತ್ರಗಳಲ್ಲಿ ಕೋನಗಲ್ ಎಂದು ಕಾಣುವ ಹಳ್ಳಿಯ ಹತ್ತಿರ, ಸುಮಾರು 5,000 ಕುದುರೆಗಳೊಡನೆ ಅವನು ಎದುರಾದನು. ವೆಲ್ಲೆಸ್ಲಿಯ ಬಳಿ ನಾಲ್ಕು ಕುದುರೆಯ ರೆಜಿಮೆಂಟುಗಳು ಮಾತ್ರ ಇದ್ದುವು. ಪಕ್ಕಗಳನ್ನು ಶತ್ರುವು ಬಳಸದಂತೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಹರವಿ, ತಾನೇ ಮುಂದಾಗಿ ನುಗ್ಗಿಸಿದನು. ಧೋಂಡಿಯಾನು ಕತ್ತಿ ಹಿಡಿದುಕೊಂಡೇ ಬಿದ್ದನು. ಮರವನ್ನು ಹುಡುಕುವ ಅಗತ್ಯವೊದಗಲಿಲ್ಲ. ಹೆಣವನ್ನು ತೋಪಿನ ಗಾಡಿಗೆ ಬಿಗಿದು ಪಾಳೆಯಕ್ಕೆ ತಂದರು.

ಇನ್ನು ಆ ‘ದರೋಡೆಗಾರ’ ಎಂಬ ಪದವನ್ನು ತೂಗಿ ನೋಡಬೇಕಾಗಿದೆ. ಅದಕ್ಕೆ ತಕ್ಕ ತೂಕದ ಕಲ್ಲು ಇದೇ ಕಾಲದ ದಖ್ಖಣದಲ್ಲಿಯೇ ದೊರೆಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1764ರಲ್ಲಿ ಹುಟ್ಟಿದ ಜಾನ್ ಪಾರ್ಕರ್ ಬಾಯ್ಡ್ ಎಂಬಾತನು, ತನ್ನ ದೇಶದ ಪುಟ್ಟ ಸೈನ್ಯದಲ್ಲಿ ಮುಂದುವರಿಯುವ ದಾರಿ ಕಾಣದೆ, 1789ರಲ್ಲಿ ಹಡಗು ಹತ್ತಿ ಹಿಂದೂಸ್ಥಾನಕ್ಕೆ ಬಂದು, ಸ್ವಂತ ಪಡೆಯೊಂದನ್ನು ಕಟ್ಟಿ, ಅದನ್ನು ಮೊದಲು ಹೈದರಾಬಾದಿನ ನಿಜಾಮನಿಗೂ ಆಮೇಲೆ ಪುಣೆಯ ಪೇಶ್ವೆಗೂ ಬಾಡಿಗೆಗೆ ಕೊಟ್ಟನು. ತೋಪುಗಳೂ ಆನೆಗಳೂ ಅವನ ಸ್ವಂತ ಸರಕಾಗಿದ್ದುವು. ಸಾಕೆನಿಸಿದಾಗ ಅವುಗಳನ್ನು ಮಾರಿ ಊರಿಗೆ ಮರಳಿ, 1808ರಲ್ಲಿ ಅಮೆರಿಕದ ಸೇನೆಯ ಕರ್ನಲನಾಗಿ, 1811ರಲ್ಲಿ ಟಿಪ್ಪೆಕನೂ ಎಂಬಲ್ಲಿ ಆ ದೇಶದ ಮೂಲನಿವಾಸಿಗಳ ವಿರುದ್ಧ ಕಾದಾಡಿ, ಮರುವರ್ಷ ಬ್ರಿಗೇಡಿಯರ್ ಜನರಲ್ ಪದವಿಗೇರಿದನು. 1813ರ ನವೆಂಬರಿನಲ್ಲಿ ಕ್ರೈಸ್ಲರನ ಹೊಲದ ಕಾಳಗದಲ್ಲಿ ತನಗಿಂತ ಚಿಕ್ಕದಾದ ಇಂಗ್ಲಿಷ್ ಸೈನ್ಯಕ್ಕೆ ಸೋತನು. ಸೋತರೂ ಚರಿತ್ರೆಯಲ್ಲಿ ಅವನು ಜನರಲ್ ಬಾಯ್ಡನೇ. ದೊರೆಯಿಂದ ದೊರೆಗೆ ಹೋದವರು ಇಬ್ಬರೂ ಹೌದು, ಇನ್ನೊಬ್ಬರ ಜಗಳದಲ್ಲಿ ಹಣ ಮಾಡಿದವರು ಇಬ್ಬರೂ ಹೌದು. ಬಾಯ್ಡನಿಗೆ ಹಿಂದಿರುಗಲು ಒಂದು ದೇಶವಿತ್ತು, ಅದಕ್ಕೊಂದು ಸೇನೆಯಿತ್ತು, ಆ ಸೇನೆಗೊಂದು ಹಾಜರಿಪುಸ್ತಕವಿತ್ತು; ಧೋಂಡಿಯಾನ ದೇಶವು ಶ್ರೀರಂಗಪಟ್ಟಣದ ಗೋಡೆಯೊಡನೆ ಉರುಳಿಹೋಗಿತ್ತು.

ಹಾಗೆಂದು ಅವನನ್ನು ಸ್ವಾತಂತ್ರ್ಯದ ಹೋರಾಟಗಾರರ ಪಂಕ್ತಿಯಲ್ಲಿ ಮೊದಲನೆಯ ಮಣೆಯ ಮೇಲೆ ಕೂರಿಸುವವರೊಡನೆಯೂ ನನಗೆ ಸಹಮತವಿಲ್ಲ. ಇಂಗ್ಲಿಷರೊಡನೆ ಕಾದವರೆಲ್ಲರೂ ಸ್ವಾತಂತ್ರ್ಯಕ್ಕಾಗಿ ಕಾದವರೆಂದು ತಿಳಿದರೆ ಆ ಪದವೇ ಸವೆಯುತ್ತದೆ. ಅವನ ಕುದುರೆಗಳು ಮೇಯ್ದದ್ದು ರೈತನ ಹೊಲವನ್ನು; ಅವನ ಖಜಾನೆ ತುಂಬಿದ್ದು ಸಂತೆಯ ಸೆಟ್ಟಿಯ ಗಂಟಿನಿಂದ. 1799ರ ಮಳೆಗಾಲದಲ್ಲಿ ಹೊನ್ನಾಳಿಯ ಒಕ್ಕಲಿಗನಿಗೆ, ಹೊಳೆಯ ಈಚೆಯಿಂದ ಬಂದ ದಂಡಿಗೂ ಆಚೆಯಿಂದ ಬಂದ ದಂಡಿಗೂ ನಡುವೆ ಎಣಿಸಬಹುದಾದ ವ್ಯತ್ಯಾಸವಿತ್ತೆಂದು ನಾನು ನಂಬಲಾರೆ. ಧೋಂಡಿಯಾನು ದೊಡ್ಡ ರಾವುತ, ಕೆಚ್ಚೆದೆಯ ಮುಖಂಡ, ಅರೆಬೆಂದ ಸೇನಾಪತಿ, ಆಗದೆಹೋದ ದೊರೆ. ಹೈದರನೂ ಇದೇ ಮೆಟ್ಟಿಲುಗಳನ್ನು ಹತ್ತಿದವನು. ಆದರೆ ಹೈದರನಿಗೆ ಹತ್ತಲು ನಿಂತಿದ್ದ ಮನೆಯೊಂದಿತ್ತು, ಮತ್ತು ಲೆಕ್ಕ ಬರೆಯುವವರನ್ನು ಹಿಡಿದಿಟ್ಟುಕೊಳ್ಳುವ ಬುದ್ಧಿಯಿತ್ತು.

ವೆಲ್ಲೆಸ್ಲಿಯ ಪತ್ರಗಳನ್ನು ಇಷ್ಟು ಅನುಮಾನಿಸಿದ ಮೇಲೆ, ಅವುಗಳ ಸತ್ಯಸಂಧತೆಗೆ ಸಲ್ಲತಕ್ಕದ್ದನ್ನೂ ಸಲ್ಲಿಸಬೇಕು. ಧೋಂಡಿಯಾನನ್ನು ಗುಟ್ಟಾಗಿ ಕೊಲ್ಲಿಸುವ ಸಲಹೆ ಬಂದಾಗ, ಬಹಿರಂಗವಾಗಿ ತಲೆಗೆ ಬೆಲೆ ಸಾರುವುದು ಬೇರೆ, ಒಳಗೊಳಗೆ ಕೊಲೆಯ ವ್ಯಾಪಾರ ಕುದುರಿಸುವುದು ಬೇರೆ, ಎರಡನೆಯದು ಸೈನ್ಯದ ಮುಖ್ಯಸ್ಥನಿಗೆ ತಕ್ಕುದಲ್ಲವೆಂದು ಆತನು ತಳ್ಳಿಹಾಕಿದನು. ನೇಣಿನ ಆಜ್ಞೆಯನ್ನು ಜೇಬಿನಲ್ಲಿಟ್ಟುಕೊಂಡವನ ಬಾಯಲ್ಲಿ ಈ ವಿವೇಕ ತುಸು ವಿಚಿತ್ರವಾಗಿ ಕೇಳಿಸಿದರೂ, ಅದು ಬರಹದಲ್ಲಿ ಉಳಿದಿದೆ. ಕೋನಗಲ್ಲಿನ ಲೂಟಿಯ ನಡುವೆ, ಸಾಮಾನು ಸರಂಜಾಮುಗಳ ಹತ್ತಿರ, ನಾಲ್ಕು ವರ್ಷದ ಒಬ್ಬ ಹುಡುಗನು ಸಿಕ್ಕಿದನು. ಸಲಾಬತ್ ಖಾನನೆಂದು ಹೆಸರು, ಧೋಂಡಿಯಾನ ಮಗ. ಹುಡುಗನನ್ನು ವೆಲ್ಲೆಸ್ಲಿಯು ತನ್ನ ಡೇರೆಗೆ ಕರೆಸಿಕೊಂಡನು, ಸಾಕಿದನು, 1805ರಲ್ಲಿ ಹಿಂದೂಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನು ಇರಿಸಿ ಹೋದನು. ಸಲಾಬತ್ ಖಾನನು ಬೆಳೆದು ಮೈಸೂರಿನ ಮಹಾರಾಜರ ಊಳಿಗಕ್ಕೆ ಸೇರಿ, 1822ರಲ್ಲಿ ಕಾಲರಾ ಬೇನೆಯಿಂದ ತೀರಿಕೊಂಡನು.